ಶನಿವಾರದ ಸಭೆಯಲ್ಲಿ ನನ್ನ ಕೆಲಸ ಇನ್ನೊಬ್ಬರ ಬಾಯಲ್ಲಿ

ಧಾರವಾಡದಲ್ಲಿ ಒಂದು ಸತ್ಯವನ್ನು ಹೇಳಬಾರದ ಜಾಗದಲ್ಲಿ ಹೇಳಿದ್ದಕ್ಕೆ ನಾನು ತೆತ್ತ ಬೆಲೆ ಒಂದು ಇಡೀ ಮಳೆಗಾಲ. ಆ ಮಳೆಗಾಲ ಮುಗಿಯುವ ತನಕ ನನಗೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಸರದಿ ಸಿಗಲಿಲ್ಲ, ಕೆಲಸ ನಿಂತಲ್ಲೇ ನಿಂತಿತು, ಮತ್ತು ಒಬ್ಬರೇ ಒಬ್ಬರು ನನಗೆ ‘ಆಗುವುದಿಲ್ಲ’ ಅನ್ನಲಿಲ್ಲ. ನಮ್ಮೂರ ಕಡೆಯಿಂದ ಇತ್ತ ಓದಲು ಬರುವವರೇ, ಈ ಕೊನೆಯ ಮಾತನ್ನು ಗಮನವಿಟ್ಟು ಓದಿ. ನಮ್ಮ ಕಡೆ ಆಗದವರು ಎದುರಿಗೆ ನಿಂತು ಬೈಯುತ್ತಾರೆ, ನಾವೂ ಬೈಯುತ್ತೇವೆ, ಅಲ್ಲಿಗೆ ಅದು ಮುಗಿಯಿತು. ಇಲ್ಲಿ ಬೈಯುವುದಿಲ್ಲ. ‘ಚಹಾ ತಗೋರಿ ಅಕ್ಕಾರ’ ಅನ್ನುತ್ತಾರೆ. ಮರ್ಯಾದೆಯಿಂದ ಕೊಂದರೆ ದೂರು ಕೊಡಲು ಯಾವ ಠಾಣೆಯೂ ಇಲ್ಲ ಎಂಬುದು ನಾನು ಇಲ್ಲಿ ಕಲಿತ ಮೊದಲ ಪಾಠ.

ನಾನು ಮಂಜುಳಾ, ಶಿಡ್ಲಘಟ್ಟದ ಕಡೆಯವಳು. ತಮ್ಮನ ಜೊತೆ ಸೇರಿ ರೇಷ್ಮೆ ನೂಲು ಬಿಚ್ಚುವ ಸಣ್ಣ ಘಟಕ ನಡೆಸಿದವಳು. ಗೂಡಿನ ಮಾರುಕಟ್ಟೆಯಲ್ಲಿ ಗಂಡಸರ ಭುಜ ಸರಿಸಿ ಮುಂದೆ ನಿಂತು ಬೆಲೆ ಕೂಗಿದವಳು. ಅದರ ನಡುವೆಯೇ, ಬೇಯುವ ಬಾಣಲೆಯ ಪಕ್ಕದಲ್ಲಿ ಪುಸ್ತಕ ಇಟ್ಟುಕೊಂಡು ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿಕೊಂಡೆ. ಯಾರ ಶಿಫಾರಸನ್ನೂ ಹಿಡಿಯದೆ ಪರೀಕ್ಷೆ ಬರೆದು ಧಾರವಾಡದ ಒಂದು ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆ ಬಂದೆ. ಸೇರಿದ್ದು ನ್ಯಾನೋ ವಿಜ್ಞಾನದ ಗುಂಪಿಗೆ. ನ್ಯಾನೋ ಅಂದರೆ ಮೊಬೈಲಿನ ಸಿಮ್ಮು, ಸಣ್ಣ ಕಾರು ಎಂದೆಲ್ಲ ತಿಳಿದುಕೊಳ್ಳಬೇಡಿ. ನಿಮ್ಮ ತಲೆಯ ಒಂದು ಕೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿ ಒಂದು ಪಾಲು ಎತ್ತಿಕೊಂಡರೆ ಎಷ್ಟಾಗುತ್ತದೋ ಅಷ್ಟು ಸಣ್ಣ ವಸ್ತುಗಳ ವ್ಯವಹಾರ ನಮ್ಮದು. ಅಷ್ಟು ಸಣ್ಣದಾದ ಮೇಲೆ ವಸ್ತುವಿನ ಸ್ವಭಾವವೇ ಬೇರೆ; ಕಪ್ಪಗಿದ್ದದ್ದು ಹೊಳೆಯುತ್ತದೆ, ಸುಮ್ಮನಿದ್ದದ್ದು ಚುರುಕಾಗುತ್ತದೆ. ಒಂದು ಶಾಸ್ತ್ರ ಕಲಿತವರಿಂದ ಆಗುವ ಕೆಲಸ ಇದಲ್ಲ. ಅದಕ್ಕೇ ಗುಂಪಿನಲ್ಲಿ ಭೌತಶಾಸ್ತ್ರದವರು, ಸಸ್ಯಶಾಸ್ತ್ರದವರು, ನಮ್ಮಂಥ ರಸಾಯನದವರು, ಒಬ್ಬ ಎಂಜಿನಿಯರು, ಎಲ್ಲರ ಮೇಲೆ ಎಲ್ಲರೂ ‘ದೊಡ್ಡ ಸರ್’ ಎಂದು ಕರೆಯುವ ಪ್ರೊಫೆಸರು.

ಮೊದಲ ಶನಿವಾರದ ಸಭೆ ನೋಡಿ ನನಗೆ ತಲೆ ಗಿರ್ರೆಂದಿತು. ಸಸ್ಯಶಾಸ್ತ್ರದ ಸುಮಂಗಲಾ ಎಂಬ ಹುಡುಗಿ ಎದ್ದು ನಿಂತು ತೆಳು ಪದರಗಳ ಮೇಲೆ ಬೆಳಕು ಬಿದ್ದಾಗ ಏನಾಗುತ್ತದೆ ಎಂದು ವಿವರಿಸತೊಡಗಿದಳು. ಎಲೆ, ಬೇರು ಓದಿದವಳಿಗೆ ಇದೇಕೆ ಎಂದುಕೊಂಡೆ. ನೋಡಿದರೆ ಆ ಕೆಲಸ ಅವಳದಲ್ಲ. ಅದನ್ನು ಮಾಡಿದವರು ಭೌತಶಾಸ್ತ್ರದ ಬಸವರಾಜ; ಮೂರನೆಯ ಕುರ್ಚಿಯಲ್ಲಿ ಕೈಕಟ್ಟಿ ಕೂತು ನಗುತ್ತಿದ್ದಾರೆ, ಒಂದಕ್ಷರ ಮಾತಿಲ್ಲ. ಪ್ರಶ್ನೆ ಕೇಳಿದರೂ ಉತ್ತರ ಹೇಳುವವಳು ಅವಳೇ.

ಸಭೆ ಮುಗಿದ ಮೇಲೆ ಸುಮಂಗಲಾಳನ್ನು ಕೇಳಿದೆ, “ಅವರಿಗೇನು ಗಂಟಲು ಕೆಟ್ಟಿದೆಯಾ?”

“ಗಂಟಲು ಭೇಷ್ ಐತ್ರಿ ಅಕ್ಕಾರ. ಇಲ್ಲಿ ತನ್ನ ಕೆಲಸ ತಾ ಹೇಳಂಗಿಲ್ರಿ. ಬ್ಯಾರೆ ಡಿಪಾರ್ಟಮೆಂಟಿನವರು ಹೇಳಬೇಕು. ಮಾಡಿದಾವರು ಗಪ್ ಕುಂದರಬೇಕು.”

“ಯಾಕೆ?”

“ಹಿಂದಕ ಎಲ್ಲಾರೂ ತಮ್ಮ ತಮ್ಮ ಭಾಷಾದಾಗ ಮಾತಾಡ್ತಿದ್ರಂತ. ಉಳಿದಾವರು ನಿದ್ದಿ ಹೊಡೀತಿದ್ರಂತ. ದೊಡ್ಡ ಸರ್ ಸಿಟ್ಟಿಗೆದ್ದು ಈ ಪದ್ಧತಿ ಹಾಕ್ಯಾರ. ಇನ್ನೊಬ್ಬರ ಬಾಯಾಗ ಹೊಂದಿಲ್ಲ ಅಂದ್ರ ಅದು ಇನ್ನೂ ಬೆಂದಿಲ್ಲ ಅಂತ ಅರ್ಥರಿ.”

ಬರೀ ಮಾತಿನ ಪದ್ಧತಿಯೂ ಅಲ್ಲ ಇದು. ಶನಿವಾರ ಇನ್ನೊಬ್ಬರು ಎತ್ತಿಕೊಂಡು ಹೇಳಿದ ಕೆಲಸಕ್ಕೆ ಮಾತ್ರ ಸೂಕ್ಷ್ಮದರ್ಶಕದ ಸರದಿ. ಅಂಥದ್ದು ಮಾತ್ರ ಮುಂದೆ ಪ್ರಬಂಧವಾಗಿ ಹೋಗುತ್ತದೆ. ಯಾರೂ ಎತ್ತಿಕೊಳ್ಳದಿದ್ದರೆ ನಿಮ್ಮ ಕೆಲಸ ಗುಂಪಿನ ಮಟ್ಟಿಗೆ ಹುಟ್ಟಿಯೇ ಇಲ್ಲ. ಒಳ್ಳೆಯ ಪದ್ಧತಿ, ಒಪ್ಪುತ್ತೇನೆ. ಇನ್ನೊಬ್ಬರ ಕೆಲಸವನ್ನು ಹೇಳಬೇಕೆಂದರೆ ಅದನ್ನು ಒಳಹೊಕ್ಕು ಕಲಿಯಲೇಬೇಕು. ಆದರೆ ಮಾರುಕಟ್ಟೆಯಲ್ಲಿ ಬೆಳೆದ ನನಗೆ ಅವತ್ತೇ ಒಂದು ಪ್ರಶ್ನೆ ಹುಟ್ಟಿತು. ನನ್ನ ಗೂಡಿನ ಬೆಲೆಯನ್ನು ಬೇರೆಯವನು ಕೂಗಿದರೆ, ಕೊಳ್ಳುವವನು ಯಾರ ಮುಖ ನೆನಪಿಟ್ಟುಕೊಳ್ಳುತ್ತಾನೆ? ಆ ಪ್ರಶ್ನೆಯನ್ನು ಅವತ್ತೇ ಕೇಳಬೇಕಿತ್ತು. ಹೊಸಬಳು ಎಂದು ನುಂಗಿಕೊಂಡೆ.

ಮನೆಯ ವಿಷಯ ಹೇಳುತ್ತೇನೆ, ನಿಮಗೆ ಉಪಯೋಗಕ್ಕೆ ಬರುತ್ತದೆ. ಮೊದಲು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ಒಂದು ಕೋಣೆ ಹಿಡಿದೆ. ದಿನಾ ಬಸ್ಸಿನಲ್ಲಿ ಧಾರವಾಡಕ್ಕೆ ಹೋಗಿ ಬರುವುದರಲ್ಲೇ ಜೀವ ಹೋಯಿತು. ಆಮೇಲೆ ಧಾರವಾಡದ ಮಾಳಮಡ್ಡಿಯಲ್ಲಿ ಹಳೆಯ ಮನೆಯೊಂದರ ಹಿಂದಿನ ಎರಡು ಕೋಣೆ ಸಿಕ್ಕಿತು. ಮನೆಯೊಡತಿಯನ್ನು ಓಣಿಯೆಲ್ಲ ‘ವೈನಿ’ ಅನ್ನುತ್ತದೆ, ಅಂದರೆ ಅತ್ತಿಗೆ. ನಾನೂ ವೈನಿ ಅಂದೆ. ಬಾಡಿಗೆ ಎಷ್ಟು ಎಂದರೆ, “ನಿಮಗ ಸರಿ ಅನಸಿದ್ದು ಕೊಡ್ರಿ, ಅದಕ್ಕೇನದ” ಅಂದರು. ನಮ್ಮೂರಲ್ಲಿ ಹೀಗಂದವನು ದಡ್ಡ. ನಾನು ಕಮ್ಮಿ ಹೇಳಿದೆ. ಅವರು “ಆತು” ಅಂದರು. ಮನಸ್ಸಿನಲ್ಲೇ ಮೀಸೆ ತಿರುವಿಕೊಂಡೆ. ತಿಂಗಳೊಪ್ಪತ್ತಿನಲ್ಲಿ ಗೊತ್ತಾಯಿತು, ನೀರು ಬಿಟ್ಟ ದಿನ ನನ್ನನ್ನು ಕೂಗಿ ಹೇಳುವವರಿಲ್ಲ, ಹಿತ್ತಿಲ ದೀಪ ಹಾಕುವವರಿಲ್ಲ. ಕೇಳಿದರೆ ನಗುಮುಖ. ಕೊನೆಗೆ ನಾನೇ ಹೋಗಿ, “ವೈನಿ, ಬಾಡಿಗೆ ನಂಗೇ ಕಮ್ಮಿ ಅನಿಸ್ತಾ ಇದೆ, ಜಾಸ್ತಿ ಮಾಡ್ತೀನಿ” ಅಂದೆ. “ಅಯ್ಯ, ನಿಮಗ ಯಾರರೆ ಕೇಳ್ಯಾರೇನು?” ಅಂದು ತಗೊಂಡರು. ಮರುದಿನ ಬೆಳಿಗ್ಗೆ ನಳ ಬಂತೆಂದು ಕಿಟಕಿ ಬಡಿದರು. ನನ್ನ ಬುದ್ಧಿ ನೋಡಿ, ಈ ಪಾಠ ಮನೆಯ ಮಟ್ಟಿಗಷ್ಟೇ ಎಂದುಕೊಂಡೆ.

ಊಟದ್ದು ಬೇರೆಯೇ ಕಥೆ. ಜೋಳದ ರೊಟ್ಟಿ ಚೆನ್ನ, ಶೇಂಗಾ ಚಟ್ನಿ ಇನ್ನೂ ಚೆನ್ನ, ಆದರೆ ಎಷ್ಟು ತಿಂದರೂ ಹೊಟ್ಟೆಯ ಒಂದು ಮೂಲೆ ಮುದ್ದೆಗಾಗಿ ಖಾಲಿ ಇರುತ್ತಿತ್ತು. ಊರಿಂದ ತಂದ ರಾಗಿಯನ್ನು ಹಿಟ್ಟಿನ ಗಿರಣಿಗೆ ಒಯ್ದೆ. ಗಿರಣಿಯ ಕಾಕಾ ಚೀಲದೊಳಗೆ ಇಣುಕಿ ನೋಡಿ ಕೇಳಿದರು:

“ಮನ್ಯಾಗ ಯಾರಿಗೆ ಆರಾಮಿಲ್ರಿ?”

“ಎಲ್ಲ ಆರಾಮಾಗಿದ್ದೀವಲ್ಲ.”

“ಮತ್ತ ರಾಗಿ ಯಾಕ್ರಿ ಇಷ್ಟು? ಸಣ್ಣ ಕೂಸು ಐತೇನು?”

ರಾಗಿ ಇವರಿಗೆ ಕೂಸಿನ ಗಂಜಿ, ಜ್ವರದವರ ಅಂಬಲಿ. ಗಟ್ಟಿಮುಟ್ಟಾದವರು ದಿನಾ ಉಂಡೆ ಕಟ್ಟಿ ನುಂಗುತ್ತಾರೆ ಎಂದರೆ ಕಾಕಾ ನಂಬಲಿಲ್ಲ. “ಅಗಿಯಾಂಗಿಲ್ಲರಿ? ಹಂಗ ನುಂಗೂದರಿ? ಗಂಟಲಾಗ ಸಿಕ್ರ?” ಎಂದು ಇನ್ನೊಬ್ಬ ಗಿರಾಕಿಯನ್ನು ಕರೆದು ನನ್ನನ್ನು ತೋರಿಸಿದರು. ಈಗ ನಾನು ಹೋದರೆ ಜೋಳ ಬೀಸಿದ ಕಲ್ಲನ್ನು ಒರೆಸಿ ರಾಗಿ ಹಾಕುತ್ತಾರೆ. ಈ ಊರಿನಲ್ಲಿ ನಾನು ಮೊದಲು ಗೆದ್ದದ್ದು ಅಲ್ಲೇ.

ಇನ್ನು ನನ್ನ ಕೆಲಸ. ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ನೂಲು ತೆಗೆದ ಮೇಲೆ ಉಳಿಯುವ ನೀರು ನಿಮಗೆ ಗೊತ್ತು. ಜಿಗುಟು, ಕೆಟ್ಟ ವಾಸನೆ, ಮೋರಿಗೆ ಚೆಲ್ಲುತ್ತೇವೆ. ಎಳೆಗಳನ್ನು ಅಂಟಿಸಿದ್ದ ರೇಷ್ಮೆಯ ಗೋಂದೆಲ್ಲ ಅದರಲ್ಲಿರುತ್ತದೆ. ಆ ನೀರನ್ನು ಬಿಗಿಮುಚ್ಚಳದ ಉಕ್ಕಿನ ಡಬ್ಬಿಯಲ್ಲಿ ಹಾಕಿ ಒಲೆಯಲ್ಲಿ ಕಾಯಿಸಿ ಸೋಸಿದರೆ, ಇಂಗಾಲದ ಸಣ್ಣ ಸಣ್ಣ ಚುಕ್ಕೆಗಳು ಸಿಗುತ್ತವೆ. ಬರಿಗಣ್ಣಿಗೆ ಅದು ಚಹಾದ ಬಣ್ಣದ ನೀರು. ಬ್ಯಾಂಕಿನಲ್ಲಿ ಕಳ್ಳನೋಟು ನೋಡಲು ಹಿಡಿಯುತ್ತಾರಲ್ಲ, ಅಂಥ ಅತಿನೇರಳೆ ದೀಪ ಹಿಡಿದರೆ ನೀಲಿಯಾಗಿ ಬೆಳಗುತ್ತದೆ. ನಮ್ಮೂರ ಮೋರಿಯ ನೀರು ನೀಲಿ ದೀಪವಾಗಿ ನನ್ನ ಕೈಯಲ್ಲಿ ಉರಿದ ದಿನ ನಾನು ಪ್ರಯೋಗಾಲಯದಲ್ಲಿ ಒಬ್ಬಳೇ ಇದ್ದೆ, ಯಾರಿಗೆ ಹೇಳಲಿ ಎಂದು ತೋಚದೆ ತಮ್ಮನಿಗೆ ಫೋನು ಮಾಡಿದೆ. “ಆ ಗಬ್ಬು ನೀರಾ ಅಕ್ಕ? ಎಷ್ಟು ಕ್ಯಾನ್ ಬೇಕು ಯೋಳು, ಕಳಿಸ್ತೀನಿ” ಅಂದ. ರೈಲಿನಲ್ಲಿ ಕ್ಯಾನು ಬಂದವು. ನಿಲ್ದಾಣದಿಂದ ವಿಶ್ವವಿದ್ಯಾಲಯದವರೆಗೆ ಆಟೋದವರು ಮೂಗು ಮುಚ್ಚಿಕೊಂಡೇ ಬಂದರು. ಕುಡಿಯುವ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚಿದ್ದರೆ ಈ ನೀಲಿ ಬೆಳಕು ಮಂಕಾಗುತ್ತದೆ. ಅಂದರೆ ಅಗ್ಗದಲ್ಲಿ ನೀರು ಪರೀಕ್ಷಿಸಬಹುದು. ನನ್ನ ಪಿಎಚ್‌ಡಿಯ ಜೀವ ಇರುವುದು ಈ ಅಧ್ಯಾಯದಲ್ಲಿ.

ಶನಿವಾರ ಇದನ್ನು ಹೇಳಲು ಎತ್ತಿಕೊಂಡವರು ಬಸವರಾಜ. ಹುಬ್ಬಳ್ಳಿಯ ಹತ್ತಿ ವ್ಯಾಪಾರಿಗಳ ಮನೆಯವರು, ನನಗಿಂತ ಚಿಕ್ಕವರು, ಮೆತ್ತಗಿನ ಮಾತು. ನನ್ನ ಮೇಜಿನ ಪಕ್ಕ ಕೂತು ಎಲ್ಲ ಕೇಳಿ ತಿಳಿದುಕೊಂಡರು. ಬೆಳಕು ಎಷ್ಟು ಮಂಕಾಯಿತು ಎಂದು ಅಳೆಯುವ ವಿಧಾನವನ್ನು ತಾವೇ ಹೊಂದಿಸಿಕೊಟ್ಟರು. ಅದು ಅವರದೇ ಕೆಲಸ, ಸುಳ್ಳು ಹೇಳುವುದಿಲ್ಲ. ಸಭೆಯಲ್ಲಿ ಅವರು ಹೇಳಿದಾಗ ನನ್ನ ಕೆಲಸ ಇಷ್ಟು ಚೆಂದವಾ ಎಂದು ನನಗೇ ಅನಿಸಿತು. ‘ನಾವು ಮಾಡೇವಿ, ನಾವು ನೋಡೇವಿ’ ಎಂದು ಅವರು ಅಂದಾಗಲೆಲ್ಲ ಆ ‘ನಾವು’ ಒಳಗೆ ನಾನಿದ್ದೇನೆ ಎಂದು ಖುಷಿಪಟ್ಟೆ. ವ್ಯಾಪಾರದಲ್ಲಿ ಬೆಳೆದವಳು ‘ನಾವು’ ಎಂಬ ಮಾತಿಗೆ ಖುಷಿಪಡಬಾರದಿತ್ತು.

ಬೇಸಿಗೆಯ ಕೊನೆಗೆ ಗುಂಪಿನ ಕೆಲಸ ಪರಿಶೀಲಿಸಲು ಹೊರಗಿನಿಂದ ಇಬ್ಬರು ಪ್ರೊಫೆಸರುಗಳು ಬಂದರು. ದೊಡ್ಡ ಸರ್ ರೇಷ್ಮೆಯದನ್ನು ಬಸವರಾಜರೇ ಹೇಳಲಿ ಅಂದರು. ನಮ್ಮ ಪದ್ಧತಿ ಬಂದವರಿಗೆ ಗೊತ್ತಿಲ್ಲ, ಯಾರೂ ತಿಳಿಸಲೂ ಇಲ್ಲ. ನಾನು ಎರಡನೆಯ ಸಾಲಿನಲ್ಲಿ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಬಸವರಾಜರು ಎಂದಿನಂತೆ ಸೊಗಸಾಗಿ ಹೇಳಿದರು. ಬಂದವರಲ್ಲಿ ಹಿರಿಯರೊಬ್ಬರು, “ನಿಮ್ಮ ಕೆಲಸ ಬಹಳ ಚೆನ್ನಾಗಿದೆ” ಅಂದರು. ಬಸವರಾಜರು ತಲೆಬಾಗಿ ಥ್ಯಾಂಕ್ಸ್ ಅಂದರು. ಆಮೇಲೆ ಹಿರಿಯರು ಕೇಳಿದರು, “ಯಾವ ಗೂಡಿನ ನೀರಾದರೂ ನಡೆಯುತ್ತದೆಯೇ?”

“ನಡೀತದ್ರಿ ಸರ್, ರೇಷ್ಮಿ ಅಂದ್ರ ರೇಷ್ಮಿ” ಅಂದರು ಬಸವರಾಜ.

ತಪ್ಪು. ಶುದ್ಧ ತಪ್ಪು. ನನಗೆ ಅದು ಆ ವಾರವಷ್ಟೇ ತಿಳಿದಿತ್ತು, ಬಸವರಾಜರಿಗೆ ಹೇಳಿರಲಿಲ್ಲ. ಆದರೆ ಆಗ ನನ್ನ ಬಾಯಿಂದ ಹೊರಟದ್ದು ಆ ತಪ್ಪಿನ ವಿವರವಲ್ಲ. ಎದ್ದು ನಿಂತೆ, ಮಾರುಕಟ್ಟೆಯ ದನಿಯಲ್ಲೇ ಹೇಳಿದೆ: “ಅದು ತಪ್ಪು. ಅದು ನಾನು ಮಾಡಿದ ಕೆಲಸ, ಅವರದಲ್ಲ. ಅವರಿಗೇನು ಗೊತ್ತು ಗೂಡಿನ ಮಾತು?”

ದೊಡ್ಡ ಸರ್ ನನ್ನ ಕಡೆ ತಿರುಗದೆ, ದನಿಯನ್ನೂ ಏರಿಸದೆ ಅಂದರು, “ಕುಂದರ್ರಿ. ಆಮ್ಯಾಲೆ ಮಾತಾಡೋಣು.”

ಆ ‘ಆಮ್ಯಾಲೆ’ ಮಳೆಗಾಲ ಮುಗಿಯುವ ತನಕ ಬರಲಿಲ್ಲ. ನನ್ನ ಕೆಲಸವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಶನಿವಾರ ಬಂದಾಗ ದೊಡ್ಡ ಸರ್ ಕೇಳುತ್ತಾರೆ, “ಮಂಜುಳಾ ಅವರದು ಯಾರು ಹೇಳ್ತೀರಿ?” ಎಂಜಿನಿಯರಿಗೆ ಅವನದೇ ಅವಸರ, ಸುಮಂಗಲಾಗೆ ತಲೆನೋವು, ಉಳಿದವರು ಕಿಟಕಿಯಾಚೆಗೆ ಮಳೆ ನೋಡುತ್ತಾರೆ. “ಇರ್ಲಿ, ಮುಂದಿನ ವಾರ ನೋಡೋಣು” ಎಂದು ಮುಂದೆ ಹೋಗುತ್ತಾರೆ. ಎತ್ತಿಕೊಳ್ಳುವವರಿಲ್ಲ ಎಂದಮೇಲೆ ಸೂಕ್ಷ್ಮದರ್ಶಕವಿಲ್ಲ. ಸೂಕ್ಷ್ಮದರ್ಶಕವಿಲ್ಲ ಎಂದಮೇಲೆ ನನ್ನ ಚುಕ್ಕೆಗಳು ಚುಕ್ಕೆಗಳೇ ಎಂದು ತೋರಿಸುವುದು ಹೇಗೆ? ಆದರೆ ಚಹಾ ಮಾತ್ರ ಮೊದಲು ನನಗೇ. ಬಾಗಿಲು ತೆಗೆದು ಹಿಡಿಯುತ್ತಿದ್ದರು. ಕುರ್ಚಿ ಸರಿಸಿ ಕೊಡುತ್ತಿದ್ದರು. ಊಟ ಆತೇನ್ರಿ ಎಂದು ಕೇಳುತ್ತಿದ್ದರು. ಏನು ತಪ್ಪಾಗಿತ್ತು ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ವಿಜ್ಞಾನ ಮಾಡಲು ಕೂತ ಒಂದು ಕೋಣೆ ತುಂಬ ಜನ. ಒಬ್ಬಳು ಎದ್ದು ‘ತಪ್ಪು’ ಅನ್ನುತ್ತಾಳೆ. ಅವಳ ದನಿ ಎಷ್ಟು ಜೋರಿತ್ತು ಎಂಬುದು ಎಲ್ಲರಿಗೂ ನೆನಪಿದೆ, ತಪ್ಪು ಯಾವುದು ಎಂಬುದು ಯಾರಿಗೂ ಬೇಕಾಗಿಲ್ಲ.

ಸುಮಂಗಲಾಳ ಮನೆ ಹುಬ್ಬಳ್ಳಿಯ ಅಂಚಿನ ಬೆಂಗೇರಿಯಲ್ಲಿ. ಒಂದು ಭಾನುವಾರ ತಾನೇ ಧಾರವಾಡಕ್ಕೆ ಬಂದು ನನ್ನನ್ನು ಊಟಕ್ಕೆ ಕರೆದೊಯ್ದಳು. ಬಸ್ಸಿನಲ್ಲಿ ಪಕ್ಕ ಕೂತಾಗ ನಾನೇ ಬಾಯಿ ಬಿಟ್ಟೆ.

“ನಿಜವಾಗ್ಲೂ ತಲೆನೋವಾ ನಿಂಗೆ, ಪ್ರತೀ ಶನಿವಾರ?”

ಅವಳು ಕಿಟಕಿಯ ಕಡೆ ತಿರುಗಿದಳು. “ನಿಮ್ಮದು ಖರೇ ಐತ್ರಿ ಅಕ್ಕಾರ. ಆದ್ರ ಖರೇ ಹೇಳಾಕ ಒಂದು ಜಾಗಾ ಇರ್ತೈತಿ.”

“ಎಲ್ಲಿ?”

“ಚಹಾದಾಗ್ರಿ. ಸಭಾ ಮುಗದ ಮ್ಯಾಲೆ ಹೊರಗ ನಿಂತು ಚಹಾ ಕುಡೀತೀವಲ್ರಿ, ಆವಾಗ ಬಾಜೂಕ ಕರದು ಸಾವಕಾಶ ಹೇಳಬೇಕು. ಮುಂದಿನ ಶನಿವಾರ ಅವರ ಎದ್ದು ನಿಂತು ‘ಹ್ವಾದ ವಾರ ನಾ ಹೇಳಿದ್ದು ತಪ್ಪಿತ್ರಿ’ ಅಂತಾರ. ತಾವ ಕಂಡು ಹಿಡದಂಗ. ಯಾರ ಮರ್ಯಾದಿನೂ ಹೋಗಂಗಿಲ್ಲ.”

“ಇದನ್ನ ನಂಗೆ ಯಾಕೆ ಮೊದಲೇ ಹೇಳ್ಲಿಲ್ಲ?”

“ಹೇಳೂದೇನ್ರಿ ಅದರಾಗ? ಎಲ್ಲಾರಿಗೂ ಗೊತ್ತಿರ್ತೈತಲ್ರಿ.”

ಎಲ್ಲರಿಗೂ ಗೊತ್ತಿರುತ್ತದಂತೆ. ಹೊಸ ಊರಿಗೆ ಬಂದವರ ಕತ್ತು ಕೊಯ್ಯುವುದು ಯಾವಾಗಲೂ ಈ ‘ಎಲ್ಲರಿಗೂ ಗೊತ್ತು’ ಎಂಬ ಕತ್ತಿಯೇ. ಅವಳಿಗೆ ಹೇಳಿದೆ, “ಸರಿ ಕಣಮ್ಮ. ದಿನಾ ಮುಖ ನೋಡೋರ ನಡುವೆ ಇದು ಒಳ್ಳೇ ಪದ್ಧತಿ. ಆದ್ರೆ ಆ ಇಬ್ರು ಮುಂದಿನ ಶನಿವಾರ ಬರ್ತಾರಾ? ಅವರ ಮುಂದೆ ಆದ ತಪ್ಪನ್ನ ಅವರು ಹೋದ್ಮೇಲೆ ತಿದ್ದಿ ಏನು ಬಂತು? ಅವರ ಕಣ್ಣಲ್ಲಿ ನನ್ನ ಕೆಲಸ ಬಸವರಾಜಂದು ಆಗೋಯ್ತಲ್ಲ?” ಬೆಂಗೇರಿ ಬಂದಾಗ ಸುಮಂಗಲಾ ಸೀಟಿನಿಂದ ಎದ್ದಳು. ಇಳಿಯುವಾಗ ಅಂದಳು, “ಇದು ನಮಗ ಹೊಳದಿದ್ದಿಲ್ರಿ ಅಕ್ಕಾರ.” ಹೊಳೆಯುವುದು ಹೇಗೆ, ಕಳೆದುಕೊಂಡದ್ದು ಅವರದಲ್ಲವಲ್ಲ.

ಮಳೆ ಹಿಂದೆ ಸರಿಯುವ ಹೊತ್ತಿಗೆ ಬಸವರಾಜರೇ ನನ್ನ ಮೇಜಿನ ಬಳಿ ಬಂದರು. ಅಷ್ಟರಲ್ಲಿ ಅವರು ರೇಷ್ಮೆಯ ಅಧ್ಯಾಯವನ್ನು ತಮ್ಮ ಪ್ರಬಂಧಕ್ಕೆ ಸೇರಿಸಿಕೊಳ್ಳಲು ಹೊರಟಿದ್ದಾರೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದಿತ್ತು.

“ಆರಾಮ ಅದೀರಿ ಅಕ್ಕಾರ?”

“ಇದೀನಿ. ಏನು ಬೇಕು ಹೇಳಿ.”

“ಹಂಗ್ಯಾಕ ಅಂತೀರಿ? ಸುಮ್ನ ಮಾತಾಡ್ಸಾಕ ಬರಬಾರದೇನ್ರಿ?”

“ಮಳೆಗಾಲ ಪೂರ್ತಿ ಬರದೇ ಇದ್ದೋರು ಇವತ್ತು ಬಂದ್ರೆ ಏನೋ ಬೇಕಾಗಿದೆ ಅಂತ್ಲೇ ಅರ್ಥ.”

ಅವರು ನಕ್ಕರು. “ನೀರು ಬೇಕಾಗಿತ್ರಿ. ನಿಮ್ಮ ಕ್ಯಾನು ಖಾಲಿ ಆಗ್ಯಾವು. ನಾ ಬ್ಯಾರೆ ಕಡೆಯಿಂದ ತರಿಸಿದ್ದೆ, ಅದು ಬೆಳಗವಲ್ದು.”

“ಗೂಡು ಯಾವ ಬಣ್ಣದ್ದು?”

“ಬಣ್ಣ ಅಂದ್ರ? ಗೂಡು ಬೆಳ್ಳಗ ಇರ್ತಾವಲ್ರಿ.”

ನಮ್ಮೂರಿನ ಓದುಗರೇ, ರೇಷ್ಮೆಯ ಪರಿಣತ ಎಂದು ಹೊರಗಿನವರು ಹೊಗಳಿ ಹೋದ ಮನುಷ್ಯನಿಗೆ ಹಳದಿ ಗೂಡು ಎಂಬುದೊಂದಿದೆ ಎಂದೇ ಗೊತ್ತಿಲ್ಲ. ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ನಮ್ಮ ಕಡೆ ಎಳೆಮಗುವಿಗೂ ಗೊತ್ತಿರುವುದನ್ನು ಯಾರು ಬಿಡಿಸಿ ಹೇಳುತ್ತಾರೆ? ಹಳದಿ ಗೂಡಿನ ನೀರು ಬೆಳಗುತ್ತದೆ, ಬಿಳಿ ಗೂಡಿನ ನೀರು ಮಂಕು. ಅವತ್ತು ಸಭೆಯಲ್ಲಿ ನಾನು ಹೇಳಬೇಕಾಗಿದ್ದದ್ದು, ಹೇಳಲಾಗದೆ ಉಳಿದದ್ದು ಇಷ್ಟೇ.

ಸಿಟ್ಟು ನೆತ್ತಿಗೇರಿತು. ಆದರೆ ಕೊಳ್ಳುವವನು ತಾನಾಗಿ ಅಂಗಡಿಗೆ ಬಂದಾಗ ಕೂಗಾಡುವುದು ಮೂರ್ಖತನ. ದನಿ ಇಳಿಸಿ ಹೇಳಿದೆ, “ನೀರು ಕೊಡ್ತೀನಿ. ಎರಡು ಮಾತು. ಒಂದು, ಬರೋ ಶನಿವಾರ ನಿಮ್ಮ ಕೆಲಸ ನಾನು ಹೇಳ್ತೀನಿ, ನೀವು ಸುಮ್ಕೆ ಕೂತ್ಕೋಬೇಕು.”

“ಅದು ಪದ್ಧತಿ ಐತಲ್ರಿ.”

“ಎರಡು, ಇನ್ಮೇಲೆ ಹೊರಗಿನವರು ಬಂದಾಗ ಮಾಡಿದವರೇ ಮಾತಾಡ್ಬೇಕು.”

“ಅದು ನನ್ನ ಕೈಯಾಗಿಲ್ರಿ, ದೊಡ್ಡ ಸರ್ ಕೈಯಾಗೈತಿ.”

“ಅವರು ನಿಮ್ಮ ಮಾತು ಕೇಳ್ತಾರೆ. ನಾನು ಹೇಳಿದ್ರೆ ಜೋರಾಗುತ್ತೆ. ನೀವೇ ಚಹಾದಲ್ಲಿ ಹೇಳಿ, ಮೆತ್ತಗೆ.”

ಬಸವರಾಜರು ನನ್ನನ್ನೇ ದಿಟ್ಟಿಸಿ ನೋಡಿದರು. “ನಮ್ಮಪ್ಪ ಹತ್ತಿ ಮಾರಾಟದಾಗ ತಲಿ ಬೆಳ್ಳಗ ಮಾಡ್ಕೊಂಡಾರ್ರಿ. ಅವರೂ ಹಿಂಗ ಬಿಗೀ ಹಿಡದು ಮಾತಾಡಂಗಿಲ್ಲ. ಶ್ಯಾಣ್ಯಾರದೀರಿ ಬಿಡ್ರಿ.”

ಆ ಶನಿವಾರ ಎದ್ದು ನಿಂತು ಅವರ ಕೆಲಸ ಹೇಳಿದೆ. ಅಳತೆಯ ವಿಧಾನ ಎಷ್ಟು ಜಾಣತನದ್ದು ಎಂದು ಮನಸ್ಸು ಬಿಚ್ಚಿ ಹೊಗಳಿದೆ. ಅದು ಅವರಿಗೆ ಸಲ್ಲಬೇಕಾದದ್ದು. ಆಮೇಲೆ, ಅಳೆದ ವಸ್ತು ಎಲ್ಲಿಂದ ಬಂತು ಎಂದು ಹೇಳಿದೆ. ಕೊನೆಗೆ ಎರಡು ಸೀಸೆ ಎತ್ತಿ ದೀಪ ಹಿಡಿದೆ. ಒಂದು ನೀಲಿಯಾಗಿ ಬೆಳಗಿತು. ಇನ್ನೊಂದು ಸತ್ತ ನೀರಿನ ಹಾಗೆ ನಿಂತಿತು. “ಇದು ಹಳದಿ ಗೂಡಿಂದು, ಇದು ಬಿಳೀದು. ಯಾಕೆ ಹೀಗೆ ಅನ್ನೋದು ನನಗೆ ಗೊತ್ತಿಲ್ಲ” ಅಂದೆ. ಪದ್ಧತಿಯ ಪ್ರಕಾರ ಬಸವರಾಜ ಬಾಯಿ ಬಿಡುವಂತಿರಲಿಲ್ಲ. ಎಂಜಿನಿಯರು ಕುರ್ಚಿಯಿಂದ ಎದ್ದು ಬಂದು ಸೀಸೆಯನ್ನು ಕಣ್ಣಿಗೆ ಹಿಡಿದುಕೊಂಡ. ಸುಮಂಗಲಾ ಮೆಲ್ಲಗೆ, “ಆ ಹಳದಿ ಹುಳಾ ತಿಂದ ಎಲಿಯಿಂದ ಬರ್ತೈತ್ರಿ, ಹಿಪ್ಪುನೇರಳಿ ಎಲಿಯಿಂದ” ಅಂದಳು. ದೊಡ್ಡ ಸರ್ ತಲೆಯೆತ್ತಿದರು. ಆಮೇಲೆ ಯಾರು ಯಾವ ಶಾಸ್ತ್ರದವರೆಂಬುದು ಮರೆತುಹೋಗುವಷ್ಟು ಮಾತು ನಡೆಯಿತು. ಮುಂದಿನ ಸಲ ನನ್ನ ಕೆಲಸ ತಾನೇ ಹೇಳುವುದಾಗಿ ಸುಮಂಗಲಾ ಕೈಯೆತ್ತಿದಳು. ತಲೆನೋವು ವಾಸಿಯಾಗಿತ್ತು.

ಚಹಾದ ಹೊತ್ತಿನಲ್ಲಿ ದೊಡ್ಡ ಸರ್ ಪಕ್ಕಕ್ಕೆ ಬಂದು, “ಛಲೋ ಆತು” ಅಂದರು. ಜಾಗ ಸರಿಯಾಗಿತ್ತು. ಸಾವಕಾಶವಾಗಿ ಕೇಳಿದೆ, “ಬಂದಿದ್ದರಲ್ಲ ಸರ್ ಆ ಇಬ್ಬರು, ಅವರಿಗೂ ತಿಳಿಸ್ತೀರಾ?”

“ಅದು ಬ್ಯಾಡ್ರಿ. ಮನಿ ಮಾತು ಮನ್ಯಾಗ ಇರ್ಲಿ.”

“ಕೆಲಸ ಮನೆಯಾಚೆಗೆ ಹೋಗಿದೆಯಲ್ಲ ಸರ್.”

ಅವರು ಚಹಾ ಕುಡಿದು ಮುಗಿಸಿದರು. ಲೋಟ ಇಟ್ಟು ಒಳಗೆ ಹೋದರು.

ಮುಂದಿನ ಶನಿವಾರ ಬಸವರಾಜ ಎದ್ದು ನಿಂತು, ಪರಿಶೀಲನೆಗೆ ಬಂದವರ ಮುಂದೆ ತಾವು ಹೇಳಿದ್ದು ತಪ್ಪಾಗಿತ್ತು, ರೇಷ್ಮೆಯ ಕೆಲಸ ಅಕ್ಕಾರದು, ಅಳತೆಯಷ್ಟೇ ತಮ್ಮದು ಅಂದರು. ಯಾರೂ ಹೇಳಿಕೊಟ್ಟದ್ದಲ್ಲ, ತಮಗೇ ಹೊಳೆದದ್ದು ಎಂಬಂತೆ. ಅಧ್ಯಾಯ ನನ್ನದಾಯಿತು, ಸರದಿ ಸಿಕ್ಕಿತು. ಹೊರಗಿನವರು ಬಂದಾಗ ಮಾಡಿದವರೇ ಮಾತಾಡಬೇಕು ಎಂಬುದೂ ಜಾರಿಗೆ ಬಂತು. ದೊಡ್ಡ ಸರ್ ಅದನ್ನು ತಮ್ಮದೇ ವಿಚಾರವೆಂಬಂತೆ ಹೇಳಿದರು, ನಾನು ತಲೆಯಾಡಿಸಿದೆ. ಆದರೆ ಆ ಇಬ್ಬರಿಗೆ ಇವತ್ತಿಗೂ ರೇಷ್ಮೆಯವರೆಂದರೆ ಬಸವರಾಜ. ಬೇರೆ ಊರಿನ ವಿಚಾರಗೋಷ್ಠಿಗೆ ಕರೆ ಬಂದದ್ದು ಅವರಿಗೆ. ಹೋಗುವ ಮೊದಲು ನನ್ನ ಬಳಿ ಬಂದು, “ನಿಮ್ಮ ಹೆಸರು ಹೇಳ್ತೇನ್ರಿ” ಅಂದರು. ಹೇಳಿರಬಹುದು. ನನ್ನ ಹೆಸರನ್ನೂ ಇನ್ನೊಬ್ಬರೇ ಹೇಳಬೇಕಾಗಿ ಬಂತಲ್ಲ ಎಂಬ ಸಿಟ್ಟು ಕರಗಿಲ್ಲ, ಕರಗುವುದು ಬೇಕಾಗಿಯೂ ಇಲ್ಲ.

ದೀಪಾವಳಿಗೆ ಊರಿಗೆ ಹೋದೆ. ತಮ್ಮನ ಜೊತೆ ಮಾರುಕಟ್ಟೆಗೆ ಹೋದರೆ, ಈಗೆಲ್ಲ ಮೊಬೈಲಿನಲ್ಲೇ ಬೆಲೆ ಹಾಕುತ್ತಾರೆ. ಆದರೂ ಗೂಡನ್ನು ಕೈಯಲ್ಲಿ ಕೆದಕಿ ನೋಡುವುದು ಹಾಗೇ ಇದೆ. ಒಂದು ಲಾಟಿನಲ್ಲಿ ಮೇಲೆ ಚೆಂದದ ಗೂಡು, ಕೈ ಕೆಳಗಿಳಿಸಿದರೆ ತೇವ, ಕಲೆ. ಬೆಳೆದ 
ರೈತ ಎದುರಿಗೇ ನಿಂತಿದ್ದ, ವಯಸ್ಸಾದವನು. ಅವನ ಮುಖದ ಮುಂದೆ ಹೇಗೆ ಹೇಳುವುದು, ಚಹಾ ಕುಡಿಯುವಾಗ ತಮ್ಮನನ್ನು ಪಕ್ಕಕ್ಕೆ ಕರೆದು ಹೇಳೋಣ ಎಂದುಕೊಂಡೆ. ಅಷ್ಟರಲ್ಲಿ ತಮ್ಮ ಬೆಲೆ ಹಾಕಿಯಾಗಿತ್ತು, ಲಾಟು ನಮ್ಮದಾಗಿತ್ತು.

ಚಹಾದಂಗಡಿಯಲ್ಲಿ ಹೇಳಿದಾಗ ಅವನು ಲೋಟ ಕೆಳಗಿಟ್ಟ. “ಅಲ್ಲೇ ಯೋಳೋಕೆ ಏನಾಗಿತ್ತಕ್ಕ ನಿಂಗೆ?”

“ಆ ಮುದುಕಪ್ಪ ಅಲ್ಲೇ ಇದ್ದನಲ್ಲೋ.”

“ಇದ್ರೆ ಇರ್ಲಿ. ನಿನ್ ಬಾಯಿಗೆ ಮಾರ್ಕೆಟ್ಟೇ ಎದರ್ತಿತ್ತು. ಅಲ್ಲೋಗಿ ಏನ್ ಓದ್ಕೊಂಡ್ ಬಂದೆ? ದಾರ್ವಾಡದೋಳಾಗ್ಬಿಟ್ಟೆ ನೀನು.”

ಧಾರವಾಡದವರಿಗೆ ನಾನು ಇನ್ನೂ ‘ಕೋಲಾರದ ಕಡೆಯ ಜೋರು ಹೆಂಗಸು’. ತಮ್ಮನಿಗೆ ಧಾರವಾಡದವಳು. ಅಲ್ಲಿ ಬಾಯಿ ಬಿಟ್ಟು ಕೆಟ್ಟೆ, ಇಲ್ಲಿ ಬಾಯಿ ಮುಚ್ಚಿ ಕೆಟ್ಟೆ. ಎರಡೂ ಊರಿನ ಮಾತು ಈಗ ನನಗೆ ಬರುತ್ತದೆ. ಯಾವ ಊರಿನಲ್ಲಿ ಯಾವುದನ್ನು ಆಡಬೇಕೆಂದು ನಾಲಿಗೆ ಒಂದು ಕ್ಷಣ ತಡೆಯುತ್ತದೆ, ಅಷ್ಟರಲ್ಲಿ ವ್ಯಾಪಾರ ಮುಗಿದಿರುತ್ತದೆ.

ಹಾಗಾಗಿ ನಮ್ಮ ಕಡೆಯಿಂದ ಇತ್ತ ಓದಲು ಬರುವವರಿಗೆ ಹೇಳುತ್ತೇನೆ, ಕಿವಿಗೆ ಹಾಕಿಕೊಳ್ಳಿ. ಬಾಡಿಗೆ ‘ನಿಮಗೆ ಸರಿ ಕಂಡಷ್ಟು’ ಅಂದರೆ ಓಣಿಯಲ್ಲಿ ವಿಚಾರಿಸಿ ಅದಕ್ಕಿಂತ ಸ್ವಲ್ಪ ಮೇಲೆ ಹೇಳಿ, ಉಳಿತಾಯ ನಿಮಗೇ. ಗುಂಪಿಗೆ ಸೇರಿದ ದಿನವೇ ಯಾರನ್ನಾದರೂ ಹಿಡಿದು, ‘ಇಲ್ಲಿ ತಪ್ಪನ್ನು ಎಲ್ಲಿ ಹೇಳುತ್ತೀರಿ’ ಎಂದು ಕೇಳಿ. ಕೇಳಿದರೆ ನಗುತ್ತಾರೆ, ನಗಲಿ. ಹೊರಗಿನವರು ಬರುವ ದಿನ ನಿಮ್ಮ ಕೆಲಸಕ್ಕೆ ಯಾರು ಎದ್ದು ನಿಲ್ಲುತ್ತಾರೆ ಎಂಬುದನ್ನು ಹಿಂದಿನ ವಾರವೇ ಮಾತಾಡಿ ಮುಗಿಸಿ, ಆ ದಿನದ ತನಕ ಬಿಡಬೇಡಿ. ಎದ್ದು ನಿಂತು ಆಕ್ಷೇಪಿಸಲೇಬೇಕಾಗಿ ಬಂದರೆ ತಪ್ಪು ಯಾವುದು ಎಂಬುದನ್ನು ಮೊದಲು ಹೇಳಿ, ಕೆಲಸ ಯಾರದು ಎಂಬುದನ್ನು ಆಮೇಲೆ. ನಾನು ತಿರುಗಾಮುರುಗಾ ಮಾಡಿದೆ. ಇನ್ನು, ನಿಮ್ಮ ಕೆಲಸ ಬೇರೆಯವರ ಬಾಯಿಗೆ ಹೋಗುವ ಮೊದಲು ಅದರಲ್ಲಿ ನಿಮಗೇ ಇನ್ನೂ ಅರ್ಥವಾಗದೆ ಉಳಿದದ್ದು ಏನು ಎಂದು ಎಲ್ಲರ ಮುಂದೆ ನೀವೇ ಹೇಳಿಬಿಡಿ. ಗೊತ್ತಿರುವುದನ್ನು ಯಾರು ಬೇಕಾದರೂ ಎತ್ತಿಕೊಂಡು ಹೋಗುತ್ತಾರೆ. ಗೊತ್ತಿಲ್ಲದ್ದನ್ನು ತನ್ನದೆಂದು ಹೇಳಿಕೊಳ್ಳಲು ಯಾರೂ ಬರುವುದಿಲ್ಲ. ಅದನ್ನು ಕೇಳಲು ಮಾತ್ರ ಮತ್ತೆ ನಿಮ್ಮ ಮೇಜಿಗೇ ಬರಬೇಕಾಗುತ್ತದೆ.